ಪ್ಲಮ್ ಮರದ ಕೆಳಗೆ ಇರುವುದು ಸಾಧು ಅಲ್ಲ

ಸಾಧುವನ್ನು ಚಿರತೆ ಹಿಡಿಯಲಿಲ್ಲ. ನಾನೇ ಅವನನ್ನು ತರಕಾರಿ ವ್ಯಾನಿಗೆ ಹತ್ತಿಸಿ ಕಳಿಸಿದೆ. ಕೈಯಾರೆ, ಬಾಯಿಗೆ ಬಿಸ್ಕತ್ತು ಕೊಟ್ಟು, ಹಿಂದಿನ ಬಾಗಿಲಿನ ಕೊಂಡಿ ಸರಿಯಾಗಿ ಬಿದ್ದಿದೆಯೇ ಎಂದು ಎಳೆದು ನೋಡಿ ಕಳಿಸಿದೆ. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಹೇಳಬೇಕಾದವರು ನನ್ನ ಮನೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿದ್ದಾರೆ — ಆದರೂ.

ಸಾಧು ಎಂದರೆ ನಾಯಿ. ಗಿರಿಜತ್ತಿಗೆಯ ನಾಯಿ. ಗಿರಿಜತ್ತಿಗೆ ನನ್ನ ಗಂಡನ ಅಕ್ಕ, ಮದುವೆಯಾಗದೆ ಉಳಿದವರು. ಟೀ ಫ್ಯಾಕ್ಟರಿಯಲ್ಲಿ ದುಡಿದು, ಈಗ ನಮ್ಮ ಹಟ್ಟಿಯ ಮೇಲಿನ ಸಾಲಿನಲ್ಲಿ ತಮ್ಮ ಪಾಡಿಗೆ ತಾವು ಇದ್ದಾರೆ. ಕೂನೂರಿನಿಂದ ಮಂಜೂರಿಗೆ ಬರುವಾಗ ಬಸ್ಸು ಒಂದು ತಿರುವಿನಲ್ಲಿ ಕೆಟ್ಟು ನಿಂತಿತ್ತಂತೆ. ಮುಚ್ಚಿದ ಪೆಟ್ಟಿಗೆ ಅಂಗಡಿಯೊಂದರ ಕಾಲಿಗೆ ಈ ನಾಯಿಯನ್ನು ಯಾರೋ ತಂತಿಯಲ್ಲಿ ಕಟ್ಟಿ ಬಿಟ್ಟುಹೋಗಿದ್ದರಂತೆ. ತಂತಿ ಕತ್ತಿನ ಚರ್ಮದೊಳಕ್ಕೆ ಇಳಿದಿತ್ತು. ಬಸ್ಸು ರಿಪೇರಿಯಾಗುವಷ್ಟರಲ್ಲಿ ಅತ್ತಿಗೆ ಅದನ್ನು ಬಿಡಿಸಿ ಮಡಿಲಿಗೆ ಹಾಕಿಕೊಂಡಿದ್ದರು. ಕಂಡಕ್ಟರು ಬೇಡವೆಂದರೂ ಕೇಳಲಿಲ್ಲ. ಗಾಯಕ್ಕೆ ಅರಿಶಿನ ಹಚ್ಚುವಾಗ ಕಚ್ಚದೆ ಕೂತಿತ್ತು ಎಂದು ಸಾಧು ಎಂದು ಹೆಸರಿಟ್ಟರು. ಅವನ ಬಾಳಿನಲ್ಲಿ ಅವನು ಸಾಧುವಾಗಿದ್ದದ್ದು ಆ ಒಂದು ಗಳಿಗೆ ಮಾತ್ರ ಇರಬೇಕು.

ಮೈ ತುಂಬಿಕೊಂಡು, ಕಾಲು ಉದ್ದವಾಗಿ, ಮರಿಯೂ ಅಲ್ಲದ ನಾಯಿಯೂ ಅಲ್ಲದ ವಯಸ್ಸಿಗೆ ಬರುವ ಹೊತ್ತಿಗೆ ಅತ್ತಿಗೆ ಟೀ ತೋಟದ ಇಳಿಜಾರಿನಲ್ಲಿ ಜಾರಿ ಕಾಲು ಮುರಿದುಕೊಂಡರು. ಕೊಯಮತ್ತೂರಿನಲ್ಲಿ ಆಪರೇಷನ್ನು, ಅಲ್ಲೇ ತಂಗಿಯ ಮನೆಯಲ್ಲಿ ಆರೈಕೆ. ಹೊರಡುವ ದಿನ ಆಂಬುಲೆನ್ಸಿನೊಳಗಿಂದಲೇ ನನ್ನ ಕೈ ಹಿಡಿದುಕೊಂಡು, "ಮಣೀ, ಅವನ ಕತ್ತಿಗೆ ಮಾತ್ರ ಏನೂ ಕಟ್ಟಬೇಡ. ಎದೆಗೆ ಹಾಕೋ ಪಟ್ಟಿ ಹೊಲಿದಿಟ್ಟಿದೀನಿ. ನಿನಗಾದ್ರೆ ತಾಳ್ಮೆ ಇದೆ, ಬೇರೆ ಯಾರಿಗೂ ಕೊಡೋಕೆ ಮನಸ್ಸಿಲ್ಲ," ಎಂದರು.

ತಾಳ್ಮೆ — ಆ ಮಾತು ನನ್ನ ಕೊರಳಿಗೆ ಬಿತ್ತು. ಗುಂಡ್ಲುಪೇಟೆ ಕಡೆಯಿಂದ ಈ ಬೆಟ್ಟಕ್ಕೆ ಸೊಸೆಯಾಗಿ ಬಂದಾಗಿನಿಂದ ಹಟ್ಟಿಯಲ್ಲಿ ನನಗಿರುವ ಒಂದೇ ಹೆಸರು ಅದು. ಅಳುವ ಮಗುವನ್ನು ನನ್ನ ತೊಡೆಗೆ ಹಾಕುತ್ತಾರೆ, ಜಗಳಗಂಟಿ ಅತ್ತೆಯರನ್ನು ನನ್ನ ಪಕ್ಕ ಕೂರಿಸುತ್ತಾರೆ. ಮಣಿ ನೋಡ್ಕೋತಾಳೆ ಬಿಡು, ಎನ್ನುತ್ತಾರೆ. ನಾನೂ ನೋಡಿಕೊಳ್ಳುತ್ತಾ ಬಂದಿದ್ದೇನೆ.

ಸಾಧುವನ್ನು ನೋಡಿಕೊಳ್ಳುವುದು ಹೇಗೆ ಎಂದು ಮಾತ್ರ ನನಗೆ ತಿಳಿಯಲಿಲ್ಲ.

ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ಎದೆಯ ಮೇಲೆ ಎರಡು ಕಾಲು. ತಳ್ಳಿದರೆ ಆಟವೆಂದುಕೊಂಡು ಇನ್ನೊಮ್ಮೆ. ನನ್ನ ಗಂಡ ಕರೆಂಟ್ ಆಫೀಸಿನ ಕೆಲಸಕ್ಕೆ ಹೊರಡಬೇಕಾದರೆ ಗಂಬೂಟಿನ ಒಂದೇ ಕಾಲು ಇರುತ್ತಿತ್ತು. ಎರಡನ್ನೂ ಒಯ್ದಿದ್ದರೆ ಹೊಸದಾದರೂ ಕೊಳ್ಳಬಹುದಿತ್ತು, ಪ್ರತಿಸಲ ಎಡಗಾಲಿನದು ಮಾತ್ರ. ಹಾಲಿನವರ ಕೊಡೆ ಕಂಡರೆ ಆಗುತ್ತಿರಲಿಲ್ಲ. ಒಗೆದು ಹರವಿದ ಕಂಬಳಿಯನ್ನು ಎಳೆದು ಅದರ ಮೇಲೇ ಉಚ್ಚೆ ಹೊಯ್ಯುವುದು, ಮತ್ತೆ ಒಗೆದರೆ ಮತ್ತೆ ಹೊಯ್ಯುವುದು. ಒಳಗೆ ಕೂಡಿದರೆ ಬಾಗಿಲಿನ ಚೌಕಟ್ಟನ್ನೇ ಕಡಿಯುತ್ತಿದ್ದ. ಕೊನೆಗೆ ನಾನೇ ಫೋನಿನಲ್ಲಿ ಕೇಳಿದೆ, ಜಗುಲಿಯಲ್ಲಿ ಮಲಗಿಸಲೇ ಎಂದು. ಅತ್ತಿಗೆ, ಸರಿ, ಜಗುಲಿಯಲ್ಲೇ ಮಲಗಿಸು, ಎಂದರು. ಈ ಮಾತನ್ನು ನೆನಪಿಟ್ಟುಕೊಳ್ಳಿ — ನಾನು ಮರೆತಿಲ್ಲ.

ಫ್ಯಾಕ್ಟರಿಗೆ ಟೀ ಎಲೆ ಒಯ್ಯುವ ಲಾರಿ ಬರುವ ದಿನ ಇನ್ನೊಂದು ಕಥೆ. ಕೊಯ್ದು ತುಂಬಿ ಬಾಯಿ ಕಟ್ಟಿಟ್ಟ ಚೀಲಗಳ ಮೇಲೆ ಹತ್ತಿ, ಉಗುರಿನಿಂದ ಕೆರೆದು, ಎಲೆಯನ್ನೆಲ್ಲ ರಸ್ತೆಗೆ ಹರಡುತ್ತಿದ್ದ. ಮಣ್ಣು ಬೆರೆತ ಎಲೆಯನ್ನು ಲಾರಿಯವರು ತೆಗೆದುಕೊಳ್ಳುವುದಿಲ್ಲ. ನಾನು ರಸ್ತೆಯಲ್ಲಿ ಮಂಡಿಯೂರಿ ಎಲೆ ಆರಿಸುತ್ತಿದ್ದರೆ ಅವನು ಪಕ್ಕದಲ್ಲಿ ಕುಳಿತು, ತಾನೂ ಸಹಾಯಕ್ಕೆ ಬಂದವನಂತೆ, ಬಾಲ ಆಡಿಸುತ್ತಿದ್ದ.

ಒಂದು ದಿನ ಕೆಳಗಿನ ತೋಟದಲ್ಲಿ ನಾವು ನಾಲ್ಕಾರು ಹೆಂಗಸರು ಎಲೆ ಕೊಯ್ಯುತ್ತಿದ್ದೆವು. ಕಾಡೆಮ್ಮೆಯೊಂದು ಅದರ ಪಾಡಿಗೆ ಅಂಚಿನಲ್ಲಿ ಮೇಯುತ್ತಿತ್ತು. ನಮಗೂ ಅದಕ್ಕೂ ಒಂದು ಒಪ್ಪಂದ ಇದ್ದಂತೆ — ನಾವು ಅತ್ತ ಹೋಗುವುದಿಲ್ಲ, ಅದು ಇತ್ತ ಬರುವುದಿಲ್ಲ. ಸಾಧು ಹೋಗಿ ಅದರ ಮೂತಿಯೆದುರು ನಿಂತು ಬೊಗಳಿದ. ಅದು ತಲೆ ಬಗ್ಗಿಸಿತು. ಇವನು ತಿರುಗಿ ನೆಟ್ಟಗೆ ನನ್ನ ಕಡೆಗೆ ಓಡಿಬಂದ, ಅದನ್ನೂ ಹಿಂದೆ ಕಟ್ಟಿಕೊಂಡು. ನಾವು ಚೀಲ ಬಿಸಾಡಿ ದಿಕ್ಕಾಪಾಲಾದೆವು. ಪಕ್ಕದ ಮನೆಯ ಮಾದಮ್ಮ ಚರಂಡಿಗೆ ಬಿದ್ದು ಮಣಿಕಟ್ಟು ಉಳುಕಿಸಿಕೊಂಡಳು. ಕಾಡೆಮ್ಮೆ ಟೀ ಗಿಡಗಳ ನಡುವೆ ನಿಂತು ಉಸಿರುಬಿಟ್ಟು ಹೊರಟುಹೋಯಿತು. ಮಾದಮ್ಮ ಚರಂಡಿಯಲ್ಲಿ ಕುಳಿತುಕೊಂಡೇ, "ನಿಮ್ಮ ಸಾಧು ನೆಂಟರನ್ನ ಊಟಕ್ಕೆ ಕರ್ಕೊಂಡು ಬಂದವ್ನೆ, ಎಲೆ ಹಾಕು ಮಣೀ," ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೆ ಸುಡುತ್ತಿತ್ತು.

ಆ ದಿನದಿಂದ ಅವನನ್ನು ಕಟ್ಟಿದೆ. ಅತ್ತಿಗೆ ಹಳೆಯ ಎಲೆ ಚೀಲದ ಬಟ್ಟೆಯನ್ನು ಮಡಿಸಿ ಹೊಲಿದ ಎದೆಪಟ್ಟಿ ಗೂಟದಲ್ಲಿ ತೂಗುತ್ತಿತ್ತು. ಅದನ್ನು ಹಾಕಬೇಕಾದರೆ ಅವನನ್ನು ಸಮಾಧಾನ ಮಾಡಿ, ಒಂದೊಂದು ಕಾಲನ್ನೂ ತೂರಿಸಿ, ಬೆನ್ನ ಮೇಲೆ ಕಟ್ಟಬೇಕು. ಯಾರಿಗಿದೆ ಅಷ್ಟು ಪುರುಸೊತ್ತು? ಮಂಜೂರು ಸಂತೆಯಿಂದ ಕತ್ತಿನ ಬೆಲ್ಟು, ಸರಪಳಿ ತಂದೆ. ಬೆಲ್ಟು ಬಿದ್ದ ಕೂಡಲೆ ಅವನ ಕಣ್ಣೇ ಬೇರೆಯಾಯಿತು. ಉಸಿರುಗಟ್ಟುವವರೆಗೂ ಎಳೆಯುತ್ತಿದ್ದ, ಊಳಿಡುತ್ತಿದ್ದ, ಹತ್ತಿರ ಹೋದವರಿಗೆ ಹಲ್ಲು ತೋರಿಸುತ್ತಿದ್ದ. ಕಂಡಿರಾ, ಕಟ್ಟಿದರೂ ಹೀಗೆ, ಎಂದು ನಾನು ಎಲ್ಲರಿಗೂ ತೋರಿಸಿ ಹೇಳಿದೆ. ಕಟ್ಟಿದ್ದರಿಂದಲೇ ಹೀಗೆ ಎಂದು ನನಗೆ ಗೊತ್ತಿತ್ತು. ಅತ್ತಿಗೆ ಕೈ ಹಿಡಿದು ಹೇಳಿಹೋಗಿದ್ದರಲ್ಲ.

ಕೊನೆಗೆ ನನ್ನನ್ನು ಮುರಿದದ್ದು ಕಾಡೆಮ್ಮೆಯಲ್ಲ. ಒಂದು ಸೋಮವಾರ ಬೆಳಿಗ್ಗೆ ಮಿಂದು ಪೂಜೆಗೆ ಕುಳಿತಿದ್ದೆ. ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದ್ದೆ. ಸರಪಳಿಯಿಂದ ಅದು ಹೇಗೆ ಬಿಡಿಸಿಕೊಂಡನೋ — ಕಣ್ಣು ಬಿಟ್ಟರೆ ಎದುರಿಗೆ ಅವನು, ತಟ್ಟೆಯಲ್ಲಿದ್ದ ವಿಭೂತಿ ಉಂಡೆಯನ್ನು ಕಟಕಟನೆ ಅಗಿಯುತ್ತಿದ್ದಾನೆ. ಮೂತಿಯೆಲ್ಲ ಬೆಳ್ಳಗೆ, ಮೀಸೆಯೆಲ್ಲ ಬೆಳ್ಳಗೆ, ಮಠದ ಮರಿಸ್ವಾಮಿಯ ಹಾಗೆ. ಇವತ್ತು ನೆನೆದರೆ ನಗು ಬರುತ್ತದೆ. ಆವತ್ತು ಬರಲಿಲ್ಲ. ಎದ್ದವಳೇ ಹೊಡೆದೆ. ಕೈಗೆ ಸಿಕ್ಕಿದ್ದರಲ್ಲಿ ಹೊಡೆದೆ. ಅವನು ಓಡಲಿಲ್ಲ, ಮೂಲೆಯಲ್ಲಿ ಮುದುಡಿ ಕೂತು ನನ್ನ ಮುಖವನ್ನೇ ನೋಡಿದ. ಅದೊಂದೇ ಸಲ ಅವನು ನನ್ನ ಮನೆಯಲ್ಲಿ ಸದ್ದಿಲ್ಲದೆ ಕೂತದ್ದು.

ಅತ್ತಿಗೆಗೆ ಫೋನು ಮಾಡಿ, ನನ್ನಿಂದ ಆಗುತ್ತಿಲ್ಲ, ಎಂದಿದ್ದರೆ ಮುಗಿಯುತ್ತಿತ್ತು. ಅವರು ಬೇರೆ ದಾರಿ ಹುಡುಕುತ್ತಿದ್ದರು. ಆದರೆ 'ನನ್ನಿಂದ ಆಗುತ್ತಿಲ್ಲ' ಎಂಬ ಮಾತು ಮಣಿಯ ಬಾಯಿಂದ ಬರಬೇಕಲ್ಲ!

ಸೆಲ್ವ ಎಂಬವನು ನಮ್ಮ ಕಡೆಯ ಕ್ಯಾರೆಟ್ಟು, ಕೋಸನ್ನು ಮಾಸಿನಗುಡಿಯ ಹೋಟೆಲುಗಳಿಗೆ ವ್ಯಾನಿನಲ್ಲಿ ಒಯ್ಯುತ್ತಿದ್ದ. ಅಲ್ಲೊಂದು ಅಂಗಡಿಯವರಿಗೆ ಕಾವಲಿಗೆ ನಾಯಿ ಬೇಕಂತೆ ಎಂದು ಮಾತಿಗೆ ಹಿಂದೊಮ್ಮೆ ಹೇಳಿದ್ದ. ಮರುದಿನ ಬೆಳಿಗ್ಗೆ ಗಂಡ ಕೆಲಸಕ್ಕೆ ಹೋದ ಮೇಲೆ ಅವನನ್ನು ಕರೆದು ಸಾಧುವನ್ನು ಕೊಟ್ಟೆ. ಬೆಲ್ಟು ಬಿಚ್ಚಿಕೊಂಡೆ — ದಯೆಯಿಂದಲ್ಲ, ದಾರಿಯಲ್ಲಿ ಯಾರಾದರೂ ಗುರುತು ಹಿಡಿದಾರು ಎಂದು. "ಕವಲೆ ಬೇಡ ಅಕ್ಕಾ, ಚಿಂತೆ ಮಾಡ್ಬೇಡಿ, ಅಲ್ಲಿ ಓಡೋಕೆ ಜಾಗ ಜಾಸ್ತಿ," ಎಂದ ಸೆಲ್ವ. ಕೋಸಿನ ಮೂಟೆಗಳ ನಡುವಿನಿಂದ ಸಾಧು ನನ್ನನ್ನು ನೋಡಿ ಬಾಲ ಆಡಿಸಿದ. ಎಲ್ಲಿಗೋ ನಾವಿಬ್ಬರೂ ಹೊರಟಿದ್ದೇವೆ ಎಂದುಕೊಂಡಿರಬೇಕು.

ಆ ಸಂಜೆ ಅತ್ತಿಗೆಯ ಫೋನು ಬಂತು. ದಿನವೂ ಬರುತ್ತಿತ್ತು, ದಿನವೂ ಹಿಂದಿನಿಂದ ಅವನ ಬೊಗಳು ಕೇಳುತ್ತಿತ್ತು. ಆವತ್ತು ಮನೆ ಸ್ತಬ್ಧವಾಗಿತ್ತು. ಅವರು ಮಾತಿನ ನಡುವೆಯೇ ನಿಲ್ಲಿಸಿ, ಸಾಧುವಿನ ಸದ್ದೇ ಇಲ್ಲವಲ್ಲ, ಎಂದರು. ಆ ವಾರವಷ್ಟೇ ಮಾದಮ್ಮನ ನಾಯಿಯನ್ನು ಅವಳ ಜಗುಲಿಯಿಂದಲೇ ಚಿರತೆ ಒಯ್ದಿತ್ತು. ನನ್ನ ನಾಲಿಗೆಗೆ ಅದೇ ಹತ್ತಿರವಿತ್ತು.

"ಅತ್ತಿಗೆ, ಚಿರತೆ ಬಂದಿತ್ತು," ಎಂದೆ.

ಅಷ್ಟೇ. ಉಳಿದದ್ದನ್ನು ಅವರೇ ತುಂಬಿಕೊಂಡರು. ನಮ್ಮ ಬೆಟ್ಟದಲ್ಲಿ ಆ ಒಂದು ಹೆಸರು ಹೇಳಿದರೆ ಸಾಕು, ಆಮೇಲೆ ಯಾರೂ ಏನನ್ನೂ ಕೇಳುವುದಿಲ್ಲ. ಎಲ್ಲಿ, ಹೇಗೆ, ಯಾರು ನೋಡಿದರು — ಯಾವುದೂ ಬೇಡ. ಹಟ್ಟಿಯವರು ತಮ್ಮ ನಾಯಿಗಳನ್ನು ಒಳಗೆ ಮಲಗಿಸಿಕೊಂಡರು, ಹೆಂಗಸರು ಕೆಲವು ದಿನ ತಗಡು ಬಡಿಯುತ್ತಾ ತೋಟಕ್ಕೆ ಹೋದರು. ಗಂಡ ಮಾತ್ರ ಸರಪಳಿಯನ್ನು ಕೈಗೆತ್ತಿಕೊಂಡು ಕೊಂಡಿ ನೋಡಿದರು. ಮುರಿದಿರಲಿಲ್ಲ. ನನ್ನನ್ನು ನೋಡಿದರು. ಅದನ್ನು ಮೊಳೆಗೆ ತಗುಲಿಹಾಕಿದರು.

ಅತ್ತಿಗೆ ಕೊಯಮತ್ತೂರಿನಿಂದ ಊರುಗೋಲು ಹಿಡಿದು ಬಂದವರು ತಮ್ಮ ಮನೆಗೂ ಹೋಗದೆ ನನ್ನ ಜಗುಲಿಯ ಮೇಲೆ ಕುಳಿತರು. ಅವನು ಮಲಗುತ್ತಿದ್ದ ಜಾಗವನ್ನು ಕೈಯಿಂದ ಸವರಿದರು.

"ಜಗುಲೀಲಿ ಮಲಗಿಸು ಅಂತ ನಾನೇ ಅಂದೆನಲ್ಲ ಮಣೀ. ತಂತಿಯಿಂದ ಬಿಡಿಸಿ ತಂದು ಚಿರತೆ ಬಾಯಿಗೆ ನಾನೇ ಕೊಟ್ಟೆ."

ನಾನು ಕಾಫಿ ತರುತ್ತೇನೆಂದು ಒಳಗೆ ಹೋದೆ.

ಇದಕ್ಕಿಂತ ಕೆಟ್ಟದ್ದು ಮಾರನೆಯ ದಿನ. ಅವರು ಹುಡುಕಬೇಕೆಂದರು. ಏನಾದರೂ ಉಳಿದಿರುತ್ತದೆ, ಮಣ್ಣು ಮಾಡೋಣ, ಎಂದರು. ಮುರಿದು ಕೂಡಿದ ಕಾಲಿನಲ್ಲಿ ಆ ಇಳಿಜಾರಿಗೆ ಇಳಿದರು, ಇಳಿಯುವಾಗ ನನ್ನ ಭುಜ ಹಿಡಿದುಕೊಂಡರು. ನಾನು ಜೊತೆಗೆ ಹೋಗಿ ಕೋಲಿನಿಂದ ಟೀ ಗಿಡಗಳನ್ನು ಸರಿಸಿ ಸರಿಸಿ ನೋಡಿದೆ. ಇಲ್ಲದ್ದನ್ನು ಹುಡುಕಿದೆ. ಇಲ್ಲಿಲ್ಲ ಅತ್ತಿಗೆ, ಆ ಕಡೆ ನೋಡೋಣ, ಎಂದೂ ಅಂದೆ. ಈ ಬಾಯಿಂದಲೇ ಅಂದೆ.

ಚರಂಡಿಯ ಬದಿಯಲ್ಲಿ ಅವರಿಗೊಂದು ಎಲುಬು ಸಿಕ್ಕಿತು. ಆಡಿನದೋ, ಮಾದಮ್ಮನ ನಾಯಿಯದೋ. ಅತ್ತಿಗೆ ಅದನ್ನು ತಲೆಯ ವಸ್ತ್ರ ಬಿಚ್ಚಿ ಸುತ್ತಿಕೊಂಡು ಬಂದು, ನಮ್ಮ ಮನೆಯ ಹಿಂದಿನ ಪ್ಲಮ್ ಮರದ ಕೆಳಗೆ ಹೂಳಿದರು. ಗುಂಡಿ ತೋಡಿದವಳು ನಾನು. ಮೇಲೊಂದು ಕಲ್ಲಿಟ್ಟು ದೀಪ ಹಚ್ಚಿದರು. ನಾನು ಗಾಳಿಗೆ ಸೆರಗು ಅಡ್ಡ ಹಿಡಿದೆ.

ಎರಡು ಮಳೆಗಾಲ ಕಳೆದ ಮೇಲೆ ತವರಿನ ಮದುವೆಗೆ ಹೋಗುವಾಗ ಬಸ್ಸು ಮಾಸಿನಗುಡಿಯಲ್ಲಿ ನಿಂತಿತು. ಒಂದು ಅಂಗಡಿಯ ಮೆಟ್ಟಿಲ ಬಳಿ ನಾಯಿಯೊಂದು ಬಿಸಿಲು ಕಾಯುತ್ತಾ ಮಲಗಿತ್ತು. ಕತ್ತಿನ ಸುತ್ತ ರೋಮವಿಲ್ಲದ ಗೆರೆ. ಬೆಲ್ಟಿಲ್ಲ, ಹಗ್ಗವಿಲ್ಲ. ಜನ ಅವನನ್ನು ದಾಟಿಕೊಂಡು ಓಡಾಡುತ್ತಿದ್ದರು, ಒಬ್ಬಾತ ಕೊಡೆ ಹಿಡಿದೇ ದಾಟಿದ. ಸಾಧು, ಎಂದೆ ಮೆಲ್ಲಗೆ. ತಲೆಯೆತ್ತಿ ನೋಡಿ ಬಾಲವನ್ನು ಒಮ್ಮೆ ನೆಲಕ್ಕೆ ಬಡಿದ, ಅಂಗಡಿಗೆ ಬಂದ ಯಾರಿಗಾದರೂ ಬಡಿಯುವ ಹಾಗೆ. ಮತ್ತೆ ಮಲಗಿದ. ನಾನು ಮುಟ್ಟಲಿಲ್ಲ. ಮುಟ್ಟುವ ಹಕ್ಕು ಇರಲಿಲ್ಲ.

ಊರಿಗೆ ಬಂದು, ಬದುಕಿದ್ದಾನೆ, ಎಂದು ಹೇಳಬೇಕಿತ್ತು. ಹೇಳಿದರೆ ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು. ಹೇಳಲಿಲ್ಲ. ಮೊದಲಿನದನ್ನು ಸಿಟ್ಟಿನಲ್ಲಿ ಮಾಡಿದೆ ಎನ್ನಬಹುದೇನೋ. ಇದನ್ನು ಸಿಟ್ಟಿಲ್ಲದೆ ಮಾಡಿದೆ.

ಈ ವಾರ ಎಲೆ ತೂಗುವ ಶೆಡ್ಡಿನಲ್ಲಿ ಯಾರೋ ಒಂದು ಮರಿ ಬಿಟ್ಟುಹೋಗಿದ್ದಾರೆ. ಎಲ್ಲರೂ ಗಿರಿಜತ್ತಿಗೆಗೆ ಕೊಡಿ ಎಂದರು. ಅತ್ತಿಗೆ ಅದನ್ನು ಎತ್ತಿಕೊಂಡು, ಕಿವಿಯ ಹಿಂದೆ ಉಣ್ಣಿ ಹುಡುಕಿ ತೆಗೆದು, ನನ್ನ ಕೈಗೆ ಕೊಟ್ಟುಬಿಟ್ಟರು.

"ನನ್ನ ಕೈಲಿ ನಾಯಿ ಉಳಿಯಲ್ಲ ಮಣೀ. ನೀನಿಟ್ಕೊ. ನಿನಗೆ ತಾಳ್ಮೆ ಇದೆ."

ಇದನ್ನು ಬರೆಯುತ್ತಿರುವಾಗ ಆ ಮರಿ ನನ್ನ ಚಪ್ಪಲಿಯ ಪಟ್ಟಿಯನ್ನು ಜಗಿಯುತ್ತಿದೆ. ಒಲೆಯ ಮುಂದೆ ಆಗಲೇ ಎರಡು ಸಲ ಒದ್ದೆ ಮಾಡಿದೆ. ಒರೆಸಿ ಸಾಕಾಗಿ ಗದರಲು ಬಾಯಿ ತೆರೆದೆ. ಅದು ಮೂಲೆಗೆ ಸರಿದು ನನ್ನ ಮುಖ ನೋಡಿತು. ಬಾಯಿ ಮುಚ್ಚಿಕೊಂಡೆ.

ಸೋಮವಾರ ಸೋಮವಾರ ಅತ್ತಿಗೆ ಪ್ಲಮ್ ಮರದ ಕೆಳಗಿನ ಕಲ್ಲಿಗೆ ಹಾಲು ಹಾಕುತ್ತಾರೆ, ಈಗಲೂ. ನಾಳೆ ಸೋಮವಾರ. ಅವರು ಬರುವ ಮೊದಲೇ ಹೋಗಿ ಅಲ್ಲಿ ನಿಂತಿರುತ್ತೇನೆ. ಹಾಲು ಹಾಕಲು ಬಗ್ಗುವ ಮುಂಚೆ ಹೇಳುತ್ತೇನೆ — ಅತ್ತಿಗೆ, ಇದರ ಕೆಳಗೆ ಇರುವುದು ಸಾಧು ಅಲ್ಲ. ಜಗುಲಿಯ ಮಾತಿಗೂ ಅವನಿಗೂ ಸಂಬಂಧವಿಲ್ಲ. ಕಳಿಸಿದವಳು ನಾನು. ಅವರು ಏನಂದರೂ ನಿಂತು ಕೇಳುತ್ತೇನೆ, ಕಾಫಿ ತರಲು ಒಳಗೆ ಹೋಗುವುದಿಲ್ಲ.

ಅವನು ಈಗಲೂ ಆ ಮೆಟ್ಟಿಲ ಬಳಿ ಇದ್ದಾನೋ ಇಲ್ಲವೋ ನನಗೆ ಗೊತ್ತಿಲ್ಲ. ಊಟಿಗೆ ಹೋಗಿ ಬಸ್ಸು ಬದಲಿಸಿದರೆ ಮಧ್ಯಾಹ್ನದೊಳಗೆ ಮಾಸಿನಗುಡಿ ಸೇರಬಹುದು. ಅತ್ತಿಗೆ ಬಾ ಎಂದರೆ ಜೊತೆಗೆ ಹೋಗುತ್ತೇನೆ. ಬೇಡ ಎಂದರೆ, ಅಂಗಡಿಯ ಗುರುತು ಹೇಳಿ, ಅವರನ್ನು ಬಸ್ಸಿಗೆ ಹತ್ತಿಸಿ, ಈ ಮರಿಯನ್ನು ಎತ್ತಿಕೊಂಡು ರಸ್ತೆಯಲ್ಲಿ ನಿಂತಿರುತ್ತೇನೆ.