ಅಂಗಾಲು ನೋಡುವ ಹೊತ್ತು

ಅವರ ಅಂಗಾಲು ಎಳೆಮಗುವಿನ ಅಂಗಾಲಿನ ಹಾಗಿತ್ತು. ಎಪ್ಪತ್ತು ದಾಟಿದ, ಜೀವಮಾನವೆಲ್ಲ ದನದ ಸಂತೆಗಳಲ್ಲಿ ಸೆಗಣಿ ತುಳಿದ ಮನುಷ್ಯ. ಕಾಲಿನಲ್ಲಿ ಒಂದು ಬಿರುಕಿಲ್ಲ. ಹದಿನೆಂಟು ವರ್ಷದಿಂದ ಶುಗರ್ ಇತ್ತು, ಪಾದಗಳಲ್ಲಿ ಸ್ಪರ್ಶವೇ ಇರಲಿಲ್ಲ. ಬೆಳಿಗ್ಗೆ ಕಾಫಿಗೂ ಮೊದಲು ಜಗಲಿಯ ಮೇಲೆ ಕೂತು, ಕ್ಷೌರದ ಒಡಕು ಕನ್ನಡಿಯನ್ನು ನೆಲಕ್ಕಿಟ್ಟು, ಒಂದೊಂದೇ ಪಾದವನ್ನು ಅದರ ಮೇಲೆ ಹಿಡಿದು ನೋಡುತ್ತಿದ್ದರು. ಆಮೇಲೆ ತೊಳೆದು, ಬೆರಳ ಸಂದಿ ಒರೆಸಿ, ಹಿಮ್ಮಡಿಗೆ ಎಣ್ಣೆ ಸವರುತ್ತಿದ್ದರು.

ಕ್ಯಾಲನೂರು ಸುತ್ತಿನ ಹಾಲಿನ ಹಸುಗಳ ದಳ್ಳಾಳಿ ಅವರು. ನನಗೆ ನೆಂಟರಲ್ಲ, ಎಲ್ಲರ ಹಾಗೆ ನಾನೂ ಮಾವ ಎನ್ನುತ್ತಿದ್ದೆ. ಬರಿಗೈಯಲ್ಲಿ ಸಂತೆಗೆ ಬಂದ ನನಗೆ ಹಸುವಿನ ಹಲ್ಲು, ಕೆಚ್ಚಲು, ಗೊರಸು ನೋಡಲು ಕಲಿಸಿದವರು ಅವರೇ. ಟವೆಲ್ ಕೆಳಗೆ ಕೈ ಹಿಡಿದು, ಬಾಯಿ ಬಿಡದೆ, ಬೆರಳಿಗಿಷ್ಟು ಸಾವಿರ ಎಂದು ಒತ್ತಿ ಬೆಲೆ ಹೇಳುವುದನ್ನು ಕಲಿಸಿದವರೂ ಅವರೇ.

ನಲವತ್ತೈದಕ್ಕೆ ನನಗೂ ಶುಗರ್ ಬಂತು. ನಾನು ಅದರ ಜೊತೆಗೂ ವ್ಯಾಪಾರಕ್ಕೆ ಕೂತೆ. ಎರಡು ಮಾತ್ರೆ ಅಂದರೆ ಒಂದು. ದಿನಾ ನಡೆಯಬೇಕು ಅಂದರೆ ಸಂತೆಯ ದಿನ ಮಾತ್ರ. ಊಟ ಕಡಿಮೆ ಮಾಡಿ ಅಂದರೆ ನಾಳೆಯಿಂದ.

"ಹಸೂನ ಕಾಲೆತ್ತಿ ನೋಡ್ದೆ ಕೊಳ್ಳಲ್ಲ ನೀನು. ನಿನ್ ಕಾಲ್ ನೋಡ್ಕೊಂಡು ಎಷ್ಟ್ ದಿನ ಆಯ್ತೋ?" ಎಂದರು ಮಾವ.

"ನನ್ನನ್ಯಾರು ಕೊಳ್ತಾರೆ ಬಿಡಿ ಮಾವ."

"ಕೊಳ್ಳೋನು ಬರ್ತಾನೆ ಕಣೋ. ಅವ್ನು ಚೌಕಾಸಿ ಮಾಡಲ್ಲ."

ಒಂದು ಸಂತೆಯಲ್ಲಿ ಅವರು ಮಾರುವವನ ಕಡೆ, ನಾನು ಕೊಳ್ಳುವವನ ಕಡೆ. ಟವೆಲ್ ಕೆಳಗೆ ಅವರು ನನ್ನ ನಾಲ್ಕು ಬೆರಳು ಹಿಡಿದರು. ನನಗೆ ತಿಳಿದದ್ದು ಮೂರೇ. ಅವರ ಮೂರು ಬೆರಳು ಒತ್ತಿ ಒಪ್ಪಿಗೆ ಹೇಳಿದೆ. ಅವರು ಕೈ ಬಿಡಲಿಲ್ಲ. ಬೇಕೆಂದೇ ನನ್ನ ಕಿರುಬೆರಳಿಗೆ ಉಗುರು ಚುಚ್ಚಿದರು. ನಾನು ಕೈ ಎಳೆದುಕೊಳ್ಳದೆ ಅವರ ಮುಖ ನೋಡುತ್ತಿದ್ದೆ.

"ಏಮ್ರಾ, ಗೊತ್ತಾಗ್ಲಿಲ್ವಾ?"

"ಏನು?"

"ಕೂತ್ಕೋ. ಚಪ್ಪಲಿ ಬಿಚ್ಚು. ಕೈಗೇ ಗೊತ್ತಾಗ್ತಿಲ್ಲ ಅಂದ್ರೆ ಕಾಲು ಏನಾಗಿದ್ಯೋ."

ಅಷ್ಟು ಜನರ ನಡುವೆ ನನ್ನ ಕಾಲನ್ನು ಹಸುವಿನ ಕಾಲಿನಂತೆ ಎತ್ತಿ ಹಿಡಿದರು. "ಹಲ್ಲೂ ನೋಡ್ಬಿಡಿ ಮಾವ!" ಎಂದು ಯಾರೋ ಕೂಗಿದ, ಎಲ್ಲರೂ ನಕ್ಕರು. ಎರಡನೆಯ ಬೆರಳಿನ ಬುಡದಲ್ಲಿ ಜಾಲಿಮುಳ್ಳು ಮುರಿದು ಕೂತಿತ್ತು. ಸುತ್ತ ಕಪ್ಪಾಗಿತ್ತು. ಚಪ್ಪಲಿ ಒದ್ದೆಯಾಗಿದ್ದು ನನಗೆ ಗೊತ್ತಿತ್ತು, ಬೆವರು ಅಂದುಕೊಂಡಿದ್ದೆ. ನಗು ನಿಂತಿತು.

ಕೋಲಾರದ ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಇನ್ನೊಂದು ವಾರ ತಡವಾಗಿದ್ದರೆ ಮೊಣಕಾಲಿನ ಕೆಳಗೆ ಏನೂ ಉಳಿಯುತ್ತಿರಲಿಲ್ಲವಂತೆ. ಆಗ ಮಂಚದ ಪಕ್ಕ ಕೂತು ಮಾವ, ಎಂದೂ ಆಡದಿದ್ದ ತಮ್ಮ ಹೆಂಡತಿಯ ಮಾತು ತೆಗೆದರು.

"ನಿಮ್ಮತ್ತೇಗೂ ಇದೇ ಕಾಯ್ಲೆ. ಒಲೆ ಮುಂದೆ ಕಾಲು ಸುಟ್ಕೊಂಡಿದ್ಲು, ಅವ್ಳಿಗೇ ಗೊತ್ತಾಗ್ಲಿಲ್ಲ. ಊರೋರ ಹಸುಗಳ ಕಾಲೆಲ್ಲ ಎತ್ತಿ ನೋಡ್ತಿದ್ದೆ ಕಣೋ ನಾನು. ಅವಳ ಕಾಲು ನೋಡಿದ್ದು ಆಸ್ಪತ್ರೇಲಿ, ಕತ್ತರಿಸೋ ದಿವ್ಸ."

ಅದಾದ ಮೇಲೆ ಆಕೆ ಮೂರು ತಿಂಗಳೂ ಬದುಕಲಿಲ್ಲವಂತೆ.

ನಾನು ಮನೆಗೆ ಬಂದ ಮೇಲೆ ಒಂದು ವರ್ಷ, ದಿನಾ ಬೆಳಿಗ್ಗೆ ಬಂದರು. ನಾನು ಕಾಲು ನೋಡಿಕೊಳ್ಳುವುದನ್ನು ಕಣ್ಣಾರೆ ಕಂಡು, ಕಾಫಿಯನ್ನೂ ಕುಡಿಯದೆ ಎದ್ದು ಹೋಗುತ್ತಿದ್ದರು. "ಇವತ್ತು ಹಬ್ಬ ಮಾವ" ಅಂದರೆ "ಮುಳ್ಳಿಗೆ ಹಬ್ಬ ಇಲ್ಲ" ಅನ್ನುತ್ತಿದ್ದರು. ನಿಮಗೂ ಹೇಳುತ್ತೇನೆ, ಕೇಳಿ. ಐದು ನಿಮಿಷದ ಕೆಲಸ ಇದು. ಇವತ್ತು ಬಿಡುವುದಕ್ಕೆ ಕಾರಣ ಬೇಕಾಗುತ್ತದೆ. ನಾಳೆ ಬಿಡುವುದಕ್ಕೆ ಕಾರಣವೂ ಬೇಕಾಗುವುದಿಲ್ಲ. ನಾನು ಬಿಟ್ಟವನು, ಅದಕ್ಕೇ ಹೇಳುತ್ತಿದ್ದೇನೆ.

ಕೆಲವು ವರ್ಷಗಳ ಮೇಲೆ ಅವರ ಕಣ್ಣು ಹೋಯಿತು. ಮಗನಿಗೆ ವೇಮಗಲ್‌ನ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ; ಸೊಸೆಯ ಕೈಗೆ ಕಾಲು ಕೊಡಲು ಸಂಕೋಚ. "ನೀನೇ ಬಂದು ನೋಡ್ಬಿಡೋ," ಎಂದರು. ಅಷ್ಟು ವರ್ಷಗಳಲ್ಲಿ ಅವರು ನನ್ನನ್ನು ಕೇಳಿದ್ದು ಅದೊಂದೇ. ಎರಡು ವರ್ಷ ತಪ್ಪದೆ ನೋಡಿದೆ.

ಆಮೇಲೆ ಮುಳಬಾಗಿಲಿನ ಕಡೆ ಒಂದು ದೊಡ್ಡ ವ್ಯಾಪಾರ ಕುದುರಿತು. ನಾಳೆ ಹೋದರಾಯಿತು, ನಾಳೆ ಹೋದರಾಯಿತು ಎಂದು ಎಂಟು ದಿನ ಕಳೆದೆ. ಸೊಸೆ ತಾನೇ ನೋಡುತ್ತೇನೆಂದು ಬಂದರೆ, "ಅವ್ನು ಬರ್ತಾನಮ್ಮ" ಎಂದು ಕಾಲು ಹಿಂದಕ್ಕೆಳೆದುಕೊಂಡರಂತೆ. ಒಂಬತ್ತನೆಯ ದಿನ ಹೋಗಿ ಕಂಬಳಿ ಸರಿಸಿದೆ. ಹಿಮ್ಮಡಿಯನ್ನು ಇಲಿ ಕಚ್ಚಿತ್ತು, ಒಂದು ಸಲವಲ್ಲ. ಕೀವಿನ ವಾಸನೆ ಮುಖಕ್ಕೆ ಹೊಡೆಯಿತು.

ಆಸ್ಪತ್ರೆಯಿಂದ ಅವರು ಜೀವಂತವಾಗಿ ಮನೆಗೆ ಬರಲಿಲ್ಲ. ನಂಜು ಮೈಯೆಲ್ಲ ಏರಿತ್ತು. ಕೊನೆಯ ಸಂಜೆ ಸ್ವಲ್ಪ ಎಚ್ಚರವಿದ್ದಾಗ, "ಎಂಟು ದಿನ ಬರ್ಲಿಲ್ಲ ಮಾವ ನಾನು" ಎಂದೆ.

ಕೈಯಾಡಿಸಿ ನನ್ನ ಮೊಣಕಾಲು ಹುಡುಕಿ ಹಿಡಿದರು.

"ನಿಂದು ನೋಡ್ಕೊಂಡ್ಯಾ?"

ಆ ಎಂಟು ದಿನವೂ ನಾನು ನನ್ನ ಕಾಲು ನೋಡಿಕೊಂಡಿರಲಿಲ್ಲ.

"ದಿನಾ ನೋಡ್ಕೊಂಡೆ ಮಾವ," ಎಂದೆ.

"ಹಂಗಾದ್ರೆ ಸರಿ ಬಿಡು," ಎಂದರು. ಕಣ್ಣು ಕಾಣದ ಮನುಷ್ಯ, ನಂಬಿದರು.