ಕೌಂಟರ್ ಮೇಲೆ ಬೇರೆ ಬುಕ್ಕು ಇಡಬೇಡಿ

ಬೆಳಿಗ್ಗೆ ಆರು ಗಂಟೆ. ಭಾರತೀನಗರದಿಂದ ಐದಾರು ಕಿಲೋಮೀಟರ್ ಒಳಗಿರುವ ಹುಣಸೆಕಟ್ಟೆ ಕೊಪ್ಪಲಿನ ಹಾಲಿನ ಡೈರಿ ಈಗಷ್ಟೇ ಬಾಗಿಲು ತೆರೆದಿದೆ. ಜನಕ್ಕಿಂತ ಮೊದಲು ಕ್ಯಾನುಗಳು ಬಂದು ಸಾಲಾಗಿ ನಿಂತಿವೆ. ಹಾಲು ಕರೆದವರು ಕ್ಯಾನನ್ನು ಸಾಲಿಗೆ ಬಿಟ್ಟು ಹುಲ್ಲು ಕೊಯ್ಯಲು ಹೋಗಿದ್ದಾರೆ. ಸರದಿ ಬಂದಾಗ ಒಳಗಿನವರೇ ಹಾಲು ಸುರಿದುಕೊಂಡು, ಖಾಲಿ ಕ್ಯಾನನ್ನು ಗೋಡೆಯ ಬದಿಗೆ ಇಡುವುದು ಇಲ್ಲಿನ ರೂಢಿ. ಇನ್ನೊಬ್ಬರ ಕ್ಯಾನನ್ನು ಹಿಂದಕ್ಕೆ ತಳ್ಳುವ ಧೈರ್ಯ ಈ ಊರಿನಲ್ಲಿ ಯಾರಿಗೂ ಇಲ್ಲ.

ಒಳಗಿರುವವರು ಸಣ್ಣತಾಯಮ್ಮ. ಐವತ್ತೊಂದು ವರ್ಷದ ಇವರು ಡೈರಿಯ ಟೆಸ್ಟರ್. ಒಂದು ಕೈಯಲ್ಲಿ ಹಾಲಿನ ಮಾದರಿ ತೆಗೆದು ಯಂತ್ರಕ್ಕೆ ಹಿಡಿಯುತ್ತಾರೆ, ಇನ್ನೊಂದು ಕೈಯಲ್ಲಿ ಚೀಟಿ ಹರಿಯುತ್ತಾರೆ. ಬರೆದುಕೊಳ್ಳಲೆಂದು ನಾನು ನನ್ನ ಪುಸ್ತಕವನ್ನು ಕೌಂಟರ್ ಮೇಲೆ ಇಡುತ್ತೇನೆ. ತಲೆ ಎತ್ತದೆ ಮೊಣಕೈಯಿಂದ ಅದನ್ನು ಅಂಚಿಗೆ ಸರಿಸುತ್ತಾರೆ.

"ಡೈರಿ ಬುಕ್ ಬುಟ್ಟು ಬ್ಯಾರೆ ಬುಕ್ನ ಇಲ್ ಮಡಗ್ಬ್ಯಾಡಿ ಸಾ. ಕೈಲೇ ಇಟ್ಕಳಿ."

ಬಂದ ಅತಿಥಿಗೆ ಇದೆಂಥ ಮರ್ಯಾದೆ ಎಂದು ನನಗೆ ಕೊಂಚ ಮುಜುಗರವಾಗುತ್ತದೆ. ಕಾರಣ ತಿಳಿದ ಮೇಲೆ ಆ ಮುಜುಗರ ಉಳಿಯಲಿಲ್ಲ.

ಏಳನೇ ತರಗತಿಯವರೆಗೆ ಓದಿರುವ ಸಣ್ಣತಾಯಮ್ಮ ಹತ್ತೊಂಬತ್ತು ವರ್ಷದಿಂದ ಇದೇ ಸ್ಟೂಲಿನ ಮೇಲೆ ಕೂತಿದ್ದಾರೆ. ಸಂಘಕ್ಕೆ ನೂರಾ ಎಂಬತ್ತಾರು ಸದಸ್ಯರು. ಬೆಳಿಗ್ಗೆ ಸುಮಾರು ಏಳುನೂರು ಲೀಟರ್, ಸಂಜೆ ಐನೂರರ ಮೇಲೆ. ವಾರದ ರಜೆ ಎಂಬುದಿಲ್ಲ, ಹಸುವಿಗೆ ಭಾನುವಾರ ಗೊತ್ತಿಲ್ಲವಲ್ಲ. ಹಾಲು ಎಷ್ಟು ಗಟ್ಟಿ ಎಂದು ಯಂತ್ರ ತೋರಿಸುವ ಡಿಗ್ರಿಯ ಮೇಲೆ ದರ ನಿಲ್ಲುತ್ತದೆ, ಅದು ಕಡಿಮೆ ಬಂದರೆ ಬೈಗುಳ ತಿನ್ನುವವರೂ ಇವರೇ.

ಹಾಲು ಹಾಕುವವರಲ್ಲಿ ನಲವತ್ತು ಮನೆಯವರು ನಾಲೆಯ ಆಚೆ ದಡದವರು. ಅವರು ದಾಟಿ ಬರಲು ಇದ್ದದ್ದು ಎರಡು ತೆಂಗಿನ ದಿಮ್ಮಿ. ಹಿಡಿದುಕೊಳ್ಳಲು ಏನೂ ಇಲ್ಲ. ಬೇಡವೆಂದರೆ ಎರಡೂವರೆ ಕಿಲೋಮೀಟರ್ ಸುತ್ತಿ ಬರಬೇಕು, ಅಷ್ಟರಲ್ಲಿ ಬೇಸಿಗೆಯ ಹಾಲು ಒಡೆದುಹೋಗುತ್ತದೆ. ಅಲ್ಲೊಂದು ಕಾಲುಸೇತುವೆ ಬೇಕೆಂದು ಊರಿನವರು ಕೇಳುತ್ತಲೇ ಬಂದಿದ್ದರು. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಆಚೆ ದಡದ ಮರಿತಾಯಮ್ಮ ಹಾಲಿನ ಕ್ಯಾನಿನ ಸಮೇತ ನಾಲೆಗೆ ಬಿದ್ದರು. ನೀರು ಕಡಿಮೆಯಿದ್ದುದರಿಂದ ಜೀವ ಉಳಿಯಿತು. ಸೊಂಟದ ಮೂಳೆ ಉಳಿಯಲಿಲ್ಲ.

ಆಮೇಲೆ ಸಣ್ಣತಾಯಮ್ಮ ಪಂಚಾಯಿತಿ ಕಚೇರಿಗೆ ಹೋಗಿ, ನಮ್ಮ ಸೇತುವೆ ಎಲ್ಲಿಗೆ ಬಂತು ಎಂದು ಕೇಳಿದರು. ಗುಮಾಸ್ತ ಒಂದು ದಪ್ಪ ಪುಸ್ತಕ ತೆಗೆದು ತೋರಿಸಿದ. ಅದರ ಪ್ರಕಾರ ಗ್ರಾಮಸಭೆ ನಡೆದು ಮೂರು ತಿಂಗಳಾಗಿದೆ. ನೂರಾ ಮೂವತ್ತೊಂದು ಜನ ಹಾಜರಿದ್ದರು. ಕಾಲುಸೇತುವೆಯನ್ನು ಸದ್ಯಕ್ಕೆ ಕೈಬಿಟ್ಟು, ಊರ ಬಾಗಿಲಿಗೆ ಸ್ವಾಗತ ಕಮಾನು ಕಟ್ಟಲು ಎಲ್ಲರೂ ಒಮ್ಮತದಿಂದ ಒಪ್ಪಿದ್ದಾರೆ. ಆರನೆಯ ಸಹಿ ಸಣ್ಣತಾಯಮ್ಮನದೇ.

"ತಲೆ ಗಿರ್ರಂತು ಸಾ. ಸಬೆಗೆ ನಾನ್ ಓಗೇ ಇಲ್ಲ. ಸೈನ್ ಮಾತ್ರ ನಂದೇಯ, ಆ ಬಾಲ ಎಳ್ಯದು ನಾನೇಯ. ಆಗ ಗ್ಯಾಪ್ಕ ಬಂತು."

ಆಗಿದ್ದು ಇಷ್ಟೇ. ಡೈರಿಯಲ್ಲಿ ಸಹಿ ಹಾಕುವುದು ದಿನನಿತ್ಯದ ಮಾತು. ಪಶು ಆಹಾರದ ಮೂಟೆಗೆ ಒಂದು ಬುಕ್ಕು, ದನದ ವಿಮೆಗೆ ಒಂದು, ಜಂತುಹುಳದ ಔಷಧಿಗೆ ಇನ್ನೊಂದು. ಚೀಟಿಗೂ ಖಾಲಿ ಕ್ಯಾನಿಗೂ ಬಂದಾಗ ಕೌಂಟರ್ ಮೇಲೆ ತೆರೆದ ಪುಸ್ತಕ ಕಂಡರೆ ಈ ಊರಿನವರ ಕೈ ತಾನಾಗಿ ಪೆನ್ನು ಹಿಡಿಯುತ್ತದೆ. ಇದು ಗೊತ್ತಿದ್ದ ಯಾರೋ ಜಾಣರು ಸಭೆಯ ಹಾಜರಿ ಪುಸ್ತಕವನ್ನು ಒಂದು ಬೆಳಿಗ್ಗೆ ತಂದು ಇಲ್ಲಿ ಇಟ್ಟಿದ್ದರು. ಗಂಟೆಯೊಳಗೆ ಸಭೆ ಮುಗಿದಿತ್ತು, ಒಬ್ಬರೂ ಮಾತಾಡದೆ.

"ಕಳ್ರು ನನ್ ಸೈನ್ ಆಕಿದ್ರೆ ಬಯ್ಬೋದಾಗಿತ್ತು. ಪೆನ್ನು ನಂದು. ಬಿರ್ಬಿರ್ನೆ ಆಕ್ರಮ್ಮ, ಆಲು ಒಡ್ದೋಯ್ತದೆ ಅಂತ ಅವಸ್ರ ಮಾಡ್ದೋಳೂ ನಾನೇ. ಮರಿತಾಯಕ್ಕುನ್ ಮೊಕ ಎಂಗ್ ನೋಡ್ಲಿ ಯೋಳಿ."

ಆ ವಾರದಿಂದಲೇ ಕೌಂಟರ್ ಕಾನೂನು ಜಾರಿಗೆ ಬಂತು. ಡೈರಿಯದಲ್ಲದ ಪುಸ್ತಕ ಇಲ್ಲಿ ಇಡುವಂತಿಲ್ಲ. ಡೈರಿಯ ಪುಸ್ತಕವಾದರೂ ಅದು ಯಾವುದೆಂದು ಓದಿ ಹೇಳಿದ ಮೇಲೆಯೇ ಸಹಿ.

ಬರೆದದ್ದನ್ನು ಬದಲಾಯಿಸಲು ಮುಂದಿನ ಗ್ರಾಮಸಭೆಯೇ ಆಗಬೇಕು ಎಂದರು ಅಧಿಕಾರಿಗಳು. ಆ ಸಭೆಯೂ ಬಂತು, ಎಂದಿನಂತೆ ಬೆಳಿಗ್ಗೆ ಹನ್ನೊಂದಕ್ಕೆ. ಹನ್ನೊಂದಕ್ಕೆ ಊರಿನಲ್ಲಿ ಇರುವವರು ಯಾರು? ಕಬ್ಬಿನ ಗದ್ದೆಗೆ ಹೋದವರು ಗದ್ದೆಯಲ್ಲಿ, ಕೆಲಸಕ್ಕೆ ಹೋದವರು ಮಂಡ್ಯದಲ್ಲಿ. ಸಭೆ ನಡೆಯಲು ಕನಿಷ್ಠ ನೂರು ಜನ ಬೇಕು, ಬಂದವರು ಇಪ್ಪತ್ತಮೂರು. ಸಭೆ ಮುಂದಕ್ಕೆ ಹೋಯಿತು.

ಆಗ ಸಣ್ಣತಾಯಮ್ಮ, ಸಭೆ ನಡೆಸಲು ನೇಮಕವಾಗಿದ್ದ ಅಧಿಕಾರಿ ಸುಧೀಂದ್ರ ಅವರನ್ನು ಹಿಡಿದು ನಿಲ್ಲಿಸಿ, ಬೆಳಿಗ್ಗೆ ಏಳೂವರೆಗೆ ಡೈರಿ ಮುಂದೆ ಸಭೆ ಮಾಡಿ ಎಂದರು. ಮದ್ದೂರಿನಲ್ಲಿ ಸಿಕ್ಕ ಸುಧೀಂದ್ರ ಅದನ್ನು ನೆನೆದು ನಗುತ್ತಾರೆ. "ಅಷ್ಟು ಹೊತ್ತಿಗೆ ಯಾವ ಊರಿನಲ್ಲಿ ಸಭೆ ನಡೆಯುತ್ತೆ ಅಂತ ಕೇಳಿದೆ. ಸರ್ಕಾರಕ್ಕೆ ಗಡಿಯಾರ ಒಂದೇನಾ ಅಂದ್ಬಿಟ್ರು. ಅವತ್ತೇ ಏಳೂವರೆ ಅಂತ ನೋಟಿಸ್ ಬರೆದೆ."

ಕಳೆದ ವರ್ಷ ನಡೆದ ಆ ಸಭೆಯ ದಿನ ಏಳೂವರೆಗೆ ಎಣಿಸಿದರೆ ಅರವತ್ತನಾಲ್ಕು ತಲೆ. ಉಳಿದವರು ಎಂದಿನಂತೆ ಕ್ಯಾನು ಬಿಟ್ಟು ಹುಲ್ಲಿಗೆ ಹೋಗಿದ್ದರು. ಸಣ್ಣತಾಯಮ್ಮ ಒಂದು ಕೆಲಸ ಮಾಡಿದರು. ಖಾಲಿ ಕ್ಯಾನುಗಳನ್ನು ಗೋಡೆಯ ಬದಿಗಿಡದೆ ಒಳಗೆ ಪೇರಿಸಿ ಬೀಗ ಹಾಕಿದರು. ಹುಲ್ಲಿನ ಹೊರೆ ಹೊತ್ತು ಬಂದ ಹೆಂಗಸರು ಕ್ಯಾನು ಕಾಣದೆ ರೇಗಾಡಿದರು. ಎಂಟು ಗಂಟೆಯ ಹೊತ್ತಿಗೆ ಬೈಯುತ್ತಾ ನಿಂತವರೂ ಸೇರಿ ನೂರಾ ಹನ್ನೆರಡು ಜನ.

ಇದು ಬಲವಂತವಲ್ಲವೇ ಎಂದು ನಾನು ಕೆಣಕುತ್ತೇನೆ.

"ಊಂ ಕಣ್ಸಾ, ತಪ್ಪೇಯ. ಅದ್ಕೇ ಸುರು ಮಾಡಕ್ ಮುಂಚೆ ಬೀಗ ತಗ್ದು ಎಲ್ಲಾರ್ ಕ್ಯಾನೂ ಕೊಟ್ಬುಟ್ಟೆ. ಓಗೋರ್ ಓಗ್ರಮ್ಮ ಅಂದೆ. ಒಬ್ರೂ ಓಗ್ನಿಲ್ಲ."

ಹೋಗದಿರಲು ಕಾರಣ ಮರಿತಾಯಮ್ಮ. ಆಟೋದಲ್ಲಿ ಸುತ್ತಿ ಬಂದು, ಊರುಗೋಲು ಹಿಡಿದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದರು. ಕಮಾನಿನ ಪರವಾಗಿದ್ದ ಪಂಚಾಯಿತಿ ಸದಸ್ಯ ಚಲುವರಾಜು ಎದ್ದು, "ಕಮಾನಿದ್ರೆ ಊರ್ಗೊಂದ್ ಲಕ್ಸಣ ಕಣ್ರಪ್ಪ" ಎಂದಾಗ ಮರಿತಾಯಮ್ಮ ಕೂತಲ್ಲಿಂದಲೇ ಕೇಳಿದರು: "ಲೇ ಚಲುವ, ನಾನು ನಾಲೆಗ್ ಬಿದ್ದಾಗ ನಿನ್ ಕಮಾನ್ ಇಡ್ಕಂಡ್ ಮ್ಯಾಕ್ ಬರ್ಬೋದಾಗಿತ್ತೇನ್ಲಾ?" ಸಭೆ ಗೊಳ್ಳೆಂದಿತು. ಕೈ ಎತ್ತಿದವರಲ್ಲಿ ತೊಂಬತ್ತೆಂಟು ಜನ ಸೇತುವೆಗೆ.

ಇದರಿಂದ ದೇಶವೇನೂ ಬದಲಾಗಲಿಲ್ಲ. ಹಾಜರಿ ಪುಸ್ತಕ ಹಿಡಿದು ಮನೆ ಮನೆ ಸುತ್ತುವ ಕೆಲಸ ಎಲ್ಲೆಲ್ಲೂ ನಿಂತಿದೆ ಎಂದು ನಾನು ನಂಬುವುದಿಲ್ಲ. ಸಭೆಯಾದ ತಿಂಗಳಲ್ಲೇ ಸಣ್ಣತಾಯಮ್ಮ ಡಿಗ್ರಿ ಕಡಿಮೆ ಬರೆಯುತ್ತಾರೆಂದು ಎರಡು ಅನಾಮಧೇಯ ದೂರು ಹೋದವು. ಎರಡು ಸಲವೂ ಯಂತ್ರ ತಪಾಸಣೆಯಾಗಿ ಸರಿ ಇದೆ ಎಂದಾಯಿತು. ನಾಲ್ಕು ಮನೆಯವರು ಈಗಲೂ ಮುನಿಸಿಕೊಂಡು ಪಕ್ಕದ ಊರಿನ ಡೈರಿಗೆ ಹಾಲು ಹಾಕುತ್ತಾರೆ. ಇಷ್ಟಾದರೂ, ಈ ಸ್ಟೂಲಿನ ಮೇಲೆ ಕೂತ ಹೆಂಗಸಿನ ಮುಂದೆ, ನಮ್ಮಂಥವರಿಂದ ಏನಾಗುತ್ತದೆ ಎಂಬ ಪಟ್ಟಣದವರ ನಿಟ್ಟುಸಿರು ನನಗೆ ಸೋಮಾರಿತನದಂತೆ ಕಾಣುತ್ತದೆ. ನನ್ನದೂ ಸೇರಿ.

ಡೈರಿ ಮುಗಿಸಿ ಅವರೇ ನನ್ನನ್ನು ನಾಲೆಯ ಹತ್ತಿರ ಕರೆದೊಯ್ಯುತ್ತಾರೆ. ಎರಡೂ ದಡದಲ್ಲಿ ಕಾಂಕ್ರೀಟ್ ಕಂಬ ಎದ್ದಿವೆ. ನಾಲೆಗೆ ನೀರು ಬಿಟ್ಟಿದ್ದರಿಂದ ಮೇಲಿನ ಹಾಸು ಬಾಕಿ. ತೆಂಗಿನ ದಿಮ್ಮಿಗಳು ಇನ್ನೂ ಅಲ್ಲೇ ಇವೆ, ಆದರೆ ಈಗ ಪಕ್ಕದಲ್ಲಿ ಹಿಡಿಯಲು ಹಗ್ಗ ಕಟ್ಟಿದ್ದಾರೆ.

"ಯಾರಾನ ಬಂದು ಟೇಪ್ ಕತ್ತರುಸ್ಲಿ. ಅಸ್ಟ್ರಲ್ಲಿ ಮರಿತಾಯಕ್ಕ ಒಂದ್ ಕಿತ ಕ್ಯಾನ್ ಇಡ್ಕಂಡು ನಡ್ಕಂಡ್ ಬಂದ್ಬುಡ್ಬೇಕು. ಅಸ್ಟೇಯ."

ಹೊರಡುವಾಗ ಸೆರಗಿನ ಮರೆಯಿಂದ ಪ್ಲಾಸ್ಟಿಕ್ ಕವರ್ ತೆಗೆಯುತ್ತಾರೆ. ಒಳಗೆ ಮಡಚಿದ ಎರಡು ಜೆರಾಕ್ಸ್ ಹಾಳೆ. ಒಂದು ನಡೆಯದ ಸಭೆಯದು, ಇನ್ನೊಂದು ಡೈರಿ ಮುಂದೆ ನಡೆದದ್ದು. ಎರಡರಲ್ಲೂ ಬಾಲ ಎಳೆದ ಅದೇ ಸಹಿ. ಮೊದಲನೆಯದನ್ನೂ ಯಾಕೆ ಇಟ್ಟುಕೊಂಡಿದ್ದೀರಿ ಎನ್ನುತ್ತೇನೆ.

"ಇರ್ಲಿ ಅಂತವ. ಅದೂ ನನ್ ಸೈನೇ, ಇದೂ ನನ್ ಸೈನೇ," ಎಂದು ಎರಡನೆಯ ಹಾಳೆಯ ಮೇಲೆ ಬೆರಳಿಡುತ್ತಾರೆ. "ಇದ್ನ ಮಾತ್ರ ಓದಿ ಆಕಿದ್ದು."