ಪೇಢೆ ಡಬ್ಬಿ ಹಿಡಿದು ದರಿಬಡಚಿಗೆ ಹೋದದ್ದು

ನಮ್ಮ ಮನೆತನದಲ್ಲಿ ಪದವಿ ಪಡೆದವಳು ಮೊದಲು ನಾನೇ. ಹಗಲೆಲ್ಲ ಕೆಲಸ, ಉಳಿದ ಹೊತ್ತಲ್ಲಿ ಓದು, ಎರಡು ಸಲ ಫೇಲು. ಹಾಗಾಗಿ ಪ್ರಮಾಣಪತ್ರ ಕೈಗೆ ಬಂದ ಮರುದಿನವೇ ರೇಷ್ಮೆ ಸೀರೆ ಉಟ್ಟು, ಪೇಢೆ ಡಬ್ಬಿ ಹಿಡಿದು, ಜತ್ತದಿಂದ ಸ್ಕೂಟಿಯ ಮೇಲೆ ದರಿಬಡಚಿಗೆ ಹೊರಟೆ. ಬೇರೆ ಯಾರಿಗಿಂತಲೂ ಮೊದಲು ಆ ಹಳ್ಳಿಯ ಒಬ್ಬ ಹುಡುಗಿಗೆ ತೋರಿಸಬೇಕಿತ್ತು.

ಅವಳಿಗಾಗ ಹತ್ತೊಂಬತ್ತು. ಕೆಲಸ ಕೊಡಿಸುತ್ತೇವೆಂದು ಕರೆದೊಯ್ದವರು ಅವಳನ್ನು ದೊಡ್ಡ ಊರಿನಲ್ಲಿ ಮಾರಿದ್ದರು. ನಮ್ಮ ಸಂಸ್ಥೆಯವರು ಬಿಡಿಸಿ ತಂದು ಮೂರು ವರ್ಷವಾಗಿತ್ತು, ಅಜ್ಜಿಯ ಜೊತೆಗಿದ್ದಳು. ತಿಂಗಳಿಗೊಮ್ಮೆ ಹೋಗಿ ಅವಳ ಜೊತೆ ಕೂತು ಮಾತಾಡಿ ಬರುವುದು ಅಲ್ಲಿ ನನ್ನ ಕೆಲಸ. ಪ್ರತಿ ಸಲ ಕೇಳಲೇಬೇಕಾದ ಒಂದು ಪ್ರಶ್ನೆಯಿತ್ತು: ‘ನಿನಗ ಏನ್ ಬೇಕು?’ ಪ್ರತಿ ಸಲವೂ ಅದೇ ಉತ್ತರ: ‘ನೀವು ಹೇಳಿದಂಗ, ಅಕ್ಕಾರ.’ ಹಿಂದೆ ಒಲ್ಲೆ ಎಂದಾಗೆಲ್ಲ ಪೆಟ್ಟು ತಿಂದವಳು ಅವಳು. ಆ ಬಾಯಿಂದ ಒಂದು ‘ಒಲ್ಲೆ’ ಕೇಳಲು ನಾನು ಎಷ್ಟು ಕಾದಿದ್ದೆನೋ!

ಓಣಿಯವರಿಗೆ ಇದಾವುದೂ ಗೊತ್ತಿರಲಿಲ್ಲ. ಗೊತ್ತಾಗಬಾರದೆಂದು ಅವಳೇ ನನ್ನನ್ನು ‘ದೂರದ ಬಳಗ’ ಮಾಡಿಕೊಂಡಿದ್ದಳು. ಆದರೆ ಅವತ್ತು ರೇಷ್ಮೆ ಸೀರೆ, ಪೇಢೆ, ಬಗಲಲ್ಲಿ ಫೈಲು! ಎದುರು ಮನೆಯ ಕಾಕು ನೋಡಿದವಳೇ ‘ಹೆಣ್ಣು ನೋಡಾಕ ಬಂದಾರ!’ ಎಂದು ಕೂಗಿಬಿಟ್ಟಳು. ನಾನು ಹೊಸ್ತಿಲು ದಾಟುವುದರೊಳಗೆ ಚಾಪೆ ಬಿತ್ತು, ನಾಲ್ಕು ಹೆಂಗಸರು ಕೂತರು, ಒಳಗೆ ಅವಲಕ್ಕಿಗೆ ಒಗ್ಗರಣೆ ಚುಂಯ್ ಎಂದಿತು.

‘ಹಂಗಲ್ರಿ ಕಾಕು...’

‘ಕುಂದ್ರಿ ಮೊದ್ಲ. ಹುಡುಗನ ಬಯೋಡಾಟಾ ಕೊಡ್ರಿ.’ ಓದು ಬಾರದ ಕಾಕು ಫೈಲು ಕಸಿದು ನನ್ನ ಪ್ರಮಾಣಪತ್ರದ ಮುದ್ರೆಯನ್ನು ಎಲ್ಲರಿಗೂ ತೋರಿಸಿದಳು. ‘ನೋಡ್ರೆವಾ, ಶಿಕ್ಕಾ ಬಿದ್ದೈತಿ. ಸರಕಾರಿ ನೌಕರಿ!’

ಏಳೆಂಟು ವರ್ಷ ಒದ್ದಾಡಿದ ನನ್ನ ಬಿ.ಎ. ಒಂದೇ ಕ್ಷಣದಲ್ಲಿ ವರನಾಗಿ ಹೋಗಿತ್ತು. ನಾನು ಯಾರೆಂದು ಹೇಳುವಂತಿಲ್ಲ. ಅಜ್ಜಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು, ನನಗೂ ನಗು ಬಂತು.

ಹುಡುಗಿಯ ಕೈಗೆ ಅವಲಕ್ಕಿ ತಟ್ಟೆ ಕೊಟ್ಟು ಹೊರಗೆ ನೂಕಿದರು. ಕಾಕು ಹೇಳಿದಳು, ‘ಚಲೋ ಮನಿ ಐತಿ ತಂಗಿ. ಹೂಂ ಅನ್ನು.’

ನನ್ನ ನಗು ನಿಂತಿತು. ಹೇಳಿದಂತೆ ಕೇಳುವವಳು, ಇದಕ್ಕೂ ಹೂಂ ಎಂದರೆ?

ಅವಳು ತಟ್ಟೆ ನೋಡಿದಳು, ಪ್ರಮಾಣಪತ್ರ ನೋಡಿದಳು, ಕೊನೆಗೆ ನನ್ನನ್ನು.

‘ಒಲ್ಲೆ.’

‘ಏನಂದಿ?’ ಕಾಕು ಕೇಳಿದಳು.

‘ಹುಡುಗನ್ನ ಒಲ್ಲೆ. ಗಾಡಿ ಬೇಕು.’

‘ಅಯ್ಯ! ಹುಡುಗನ್ನ ಬಿಟ್ಟು ಬರೇ ಗಾಡಿ ಕೇಳ್ತಾಳಲ್ರೆವಾ ಇಕಿ!’

‘ಹೌದ್ರಿ. ಅಕ್ಕಾರ ಸ್ಕೂಟಿ. ನಾ ಹೊಡೀತೀನಿ, ಅವರು ಹಿಂದ ಕುಂದ್ರಲಿ.’

ನಾನು ಎಷ್ಟು ಜೋರಾಗಿ ಹೂಂ ಎಂದು ಎದ್ದೆನೆಂದರೆ ಅವಳ ಕೈಯ ತಟ್ಟೆಗೆ ತಾಗಿ ಅವಲಕ್ಕಿಯೆಲ್ಲ ನನ್ನ ರೇಷ್ಮೆಯ ಮೇಲೆ ಚೆಲ್ಲಿತು.

ಊರಾಚೆಯ ಬಯಲಲ್ಲಿ ಅವಳು ಆಕ್ಸಿಲರೇಟರ್ ತಿರುವಿದಳು. ಕುರಿಗಳು ಒಂದು ಕಡೆ, ಕುರಿಯವ ಇನ್ನೊಂದು ಕಡೆ ಓಡಿದರು. ಹಿಂದೆ ಕಾಕು ಒಂದು ಕೈಯಲ್ಲಿ ಪೇಢೆ, ಇನ್ನೊಂದರಲ್ಲಿ ಸೆರಗು ಹಿಡಿದು ಓಡಿಬರುತ್ತಿದ್ದಳು: ‘ಬ್ರೇಕ್ ಹಿಡಿಯೇ, ಲಗೂನ!’

‘ಒಲ್ಲೆ!’

‘ನಾನಾರ ಇಳೀತೀನವಾ, ನಿಂದರಸು!’ ಎಂದು ಅವಳ ಸೊಂಟ ಗಟ್ಟಿಯಾಗಿ ಹಿಡಿದು ನಾನೂ ಕಿರುಚಿದೆ.

‘ಒಲ್ಲೆ ಅಕ್ಕಾರ, ಒಲ್ಲೆ, ಒಲ್ಲೆ!’